ಹೆಣ ಕಂಡರೂ ಬೆಳಗುವ ಪ್ರೋಟೀನಿಗೆ ಒಂದು ಮನವಿ

ಮಾನ್ಯ ಜೋಡಿ ಪ್ರೋಟೀನರೇ,

ಮಕ್ಕಳ ಆಸ್ಪತ್ರೆಯ ಅಡುಗೆಮನೆಯಲ್ಲಿ ಹಾಲು ಕಾಯಿಸುವವಳ ಗೌರವಪೂರ್ವಕ ನಮಸ್ಕಾರಗಳು. ಬೆರಳಗಲದ ಕಾಗದದ ಪಟ್ಟಿಯ ತುದಿಯಲ್ಲಿ ಒಣಗಿ ಕುಳಿತಿದ್ದರೂ ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಬೀಗ ಹಾಕಿದ ಬಾಗಿಲ ಹೊರಗೆ.

ತಮ್ಮ ವಂಶದ ಹಿರಿಮೆಯನ್ನು ಪರೀಕ್ಷಾ ಕೊಠಡಿಯ ತಟ್ಟೆಯಕ್ಕನಿಂದ ತಿಳಿದೆ. ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವವಳಾದ್ದರಿಂದ ಅವಳಿಗೆ ಆ ಹೆಸರು. ಬ್ಯಾಕ್ಟೀರಿಯಾವನ್ನು ಬೇಟೆಯಾಡುವ ವೈರಸ್ಸಿನಿಂದ ಹಿಡಿಯುವ ಕೈಯನ್ನೂ, ಕಡಲಿನ ಜೆಲ್ಲಿ ಮೀನಿನಿಂದ ಬೆಳಗುವ ದೀಪವನ್ನೂ ತಂದು, ಎರಡನ್ನೂ ಒಂದೇ ಎಳೆಯಾಗಿ ಹೊಲಿದು ತಮ್ಮನ್ನು ಮಾಡಿದರಂತೆ; ಕೈಗೆ ಕೆಟ್ಟ ಬ್ಯಾಕ್ಟೀರಿಯಾ ಸಿಕ್ಕೊಡನೆ ದೀಪ ಹೊತ್ತುವುದಂತೆ. ಇಷ್ಟು ಹೊಂದಿಕೊಂಡು ಬಾಳುವ ಜೋಡಿ ನಮ್ಮ ಬಂಧುಬಳಗದಲ್ಲಿ ಒಂದೂ ಇಲ್ಲ. ಕೈ ಇದೆ, ದೀಪ ಇದೆ. ತಲೆಯೊಂದನ್ನು ಹೊಲಿಯಲು ದಾರ ಸಾಲಲಿಲ್ಲವೇನೋ.

ಕಳೆದ ಬುಧವಾರ ಆಹಾರ ಪರಿವೀಕ್ಷಕರು ತಮ್ಮನ್ನು ನಮ್ಮ ಕುದಿಸಿದ ಹಾಲಿಗೆ ಅದ್ದಿದರು. ತಾವು ಹಸಿರಾಗಿ ಬೆಳಗಿದಿರಿ. ಮೂವತ್ತೊಂದು ವರ್ಷಗಳಿಂದ ಆ ಅಡುಗೆಮನೆಯ ಹೊಣೆ ಹೊತ್ತ ನನ್ನ ದೊಡ್ಡಮ್ಮ, ರಸ್ತೆಯ ಹಸಿರು ದೀಪವನ್ನಷ್ಟೇ ಬಲ್ಲವರು, "ನೋಡ್ರೀ, ಹಸಿರು! ನಮ್ಮ ಹಾಲಿಗೆ ಬರದೆ ಇನ್ಯಾರ ಹಾಲಿಗೆ ಬರುತ್ತೆ?" ಎಂದು ಹಿಗ್ಗಿದರು. "ಅಮ್ಮಾ, ಹಸಿರು ಅಂದ್ರೆ ಕೆಟ್ಟದ್ದು" ಎಂದರು ಪರಿವೀಕ್ಷಕರು. ತನಗಾದ ಶಿಕ್ಷೆಗೆ ತಾನೇ ಚಪ್ಪಾಳೆ ತಟ್ಟಿದ ಮೊದಲಿಗರು ನಮ್ಮ ದೊಡ್ಡಮ್ಮನೇ ಇರಬೇಕು. ಮಧ್ಯಾಹ್ನದೊಳಗೆ ಬೀಗ ಬಿತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ತಮ್ಮದು ಅದಕ್ಕಿಂತ ಹೊಸ ಕಾಯಿಲೆ.

ಅದೇ ಹಾಲನ್ನು ತಟ್ಟೆಯಕ್ಕ ತನ್ನ ತಟ್ಟೆಗೆ ಸವರಿ ಎರಡು ದಿನ ಬೆಚ್ಚಗಿಟ್ಟಳು. ಒಂದು ಚುಕ್ಕೆಯೂ ಬೆಳೆಯಲಿಲ್ಲ. "ಅದರಲ್ಲಿರೋದು ಬರೀ ಹೆಣ ಕಣೇ," ಎಂದಳು, "ಕುದಿಸಿದಾಗ್ಲೇ ಸತ್ತಿವೆ, ಮೈಮೇಲಿನ ಅಂಗಿ ಮಾತ್ರ ಹಾಗೇ ಇದೆ. ಇದು ಹಿಡಿಯೋದು ಅಂಗೀನ, ಉಸಿರನ್ನಲ್ಲ." ಹೀಗೆ, ಕೊಂದವರ ಮೇಲೆಯೇ ಸತ್ತವರು ಬದುಕಿದ್ದಾರೆಂಬ ಆರೋಪ ಬಂದಿದೆ. ತಟ್ಟೆಗೆ ಎರಡು ದಿನ ಬೇಕು, ತಮಗೆ ಹತ್ತೇ ನಿಮಿಷ ಸಾಕು. ಆದ್ದರಿಂದ ತಾವು ಹೇಳಿದ್ದೇ ಸತ್ಯವೆಂದು ಪರಿವೀಕ್ಷಕರ ಕಚೇರಿ ತೀರ್ಮಾನಿಸಿದೆ. ಸೋಮವಾರದ ವಿಚಾರಣೆಯಲ್ಲೂ ಅದೇ ನಿಂತರೆ ದೊಡ್ಡಮ್ಮನ ಹೆಸರು ಅಡುಗೆಮನೆಯ ಹಲಗೆಯಿಂದ ಅಳಿಸಿಹೋಗುತ್ತದೆ. ಈಗ ಅವರು ಮನೆಯಲ್ಲಿ ಹಾಲನ್ನು ಪಾತ್ರೆ ಸೀಯುವವರೆಗೆ ಕುದಿಸುತ್ತಾರೆ, ಆಮೇಲೂ ಮೊಮ್ಮಗಳ ಲೋಟಕ್ಕೆ ಬಗ್ಗಿಸುವ ಮುನ್ನ ತಾವೇ ಒಂದು ಗುಟುಕು ಕುಡಿದು ನೋಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಚಿಕ್ಕದು. ಬೆಳಗುವ ಮುನ್ನ ದಯವಿಟ್ಟು ಒಮ್ಮೆ ನಾಡಿ ಹಿಡಿದು ನೋಡಿ. ಅಷ್ಟು ಪುರುಸೊತ್ತಿಲ್ಲವಾದರೆ ಹೆಣಗಳಿಗೆಂದೇ ಬೇರೊಂದು ಬಣ್ಣ ಇಟ್ಟುಕೊಳ್ಳಿ. ಅದೂ ಆಗದಿದ್ದರೆ, ಸಾಯುವ ಮುನ್ನ ಅಂಗಿ ಕಳಚಿಡಬೇಕೆಂದು ಬ್ಯಾಕ್ಟೀರಿಯಾಗಳಿಗೆ ತಾವೇ ಒಂದು ಸುತ್ತೋಲೆ ಹೊರಡಿಸಿ; ನಮ್ಮ ಮಾತನ್ನು ಅವು ಕೇಳುವುದಿಲ್ಲ, ಕುದಿಯುವುದರಲ್ಲೇ ಮಗ್ನವಾಗಿರುತ್ತವೆ. ಸೋಮವಾರ ಸಾಕ್ಷಿಯಾಗಿ ದಯಮಾಡಿಸುವುದಾದರೆ ಕುರ್ಚಿ ಹಾಕಿಸುತ್ತೇವೆ. ಕುಡಿಯಲು ಮಾತ್ರ ಏನೂ ಕೊಡಲಾರೆವು, ಕ್ಷಮಿಸಿ.

ಕುದಿಯುತ್ತಲೇ ತಮ್ಮ ವಿಶ್ವಾಸಿ,
ಹಾಲು ಕಾಯಿಸುವವಳು
(ಸದ್ಯಕ್ಕೆ ಬಾಗಿಲು ಕಾಯುವವಳು)

ತಾ.ಕ.: ತಮ್ಮನ್ನು ಬಳಸುವ ಬಗೆಯನ್ನು ತೋರಿಸಲು ನಿನ್ನೆ ನನ್ನನ್ನೂ ದೊಡ್ಡಮ್ಮನನ್ನೂ ಕರೆಸಿದ ಪರಿವೀಕ್ಷಕರು ಹೊಸ ಪಟ್ಟಿಯೊಂದನ್ನು, ಮನೆಯಿಂದ ಕುದಿಸಿ ತಂದ ನೀರಿದ್ದ ಅವರದೇ ಫ್ಲಾಸ್ಕಿಗೆ ಅದ್ದಿದರು. ತಾವು ಧಾರಾಳವಾಗಿ ಬೆಳಗಿದಿರಿ. "ಈ ಪಟ್ಟಿ ಹಾಳಾಗಿದೆ" ಎಂದು ಅದನ್ನು ಬುಟ್ಟಿಗೆಸೆದು, ಆ ನೀರನ್ನೇ ಕುಡಿದು, ಮುಚ್ಚಳ ತಿರುಗಿಸಿದರು. ಫ್ಲಾಸ್ಕಿಗೆ ಬೀಗ ಬೀಳಲಿಲ್ಲ. ಪಟ್ಟಿಯನ್ನು ದೊಡ್ಡಮ್ಮ ವಿಚಾರಣೆಗೆಂದು ಬುಟ್ಟಿಯಿಂದ ಎತ್ತಿಟ್ಟುಕೊಂಡಿದ್ದಾರೆ. ಮೇಲಿನ ವಿನಂತಿಗಳನ್ನೆಲ್ಲ ಸೋಮವಾರ ಸಂಜೆಯವರೆಗೆ ತಡೆಹಿಡಿದು, ಅಲ್ಲಿಯತನಕ ದಯವಿಟ್ಟು ಹೀಗೆಯೇ ಬೆಳಗುತ್ತಿರಬೇಕಾಗಿ ಪ್ರಾರ್ಥನೆ.