ಸೆರಗಿನ ಇಪ್ಪತ್ತೆಂಟು ಬೇಳೆ

ನನ್ನ ಸೋದರತ್ತೆಯ ಸೆರಗಿನ ಗಂಟಿನಲ್ಲಿ ಸದಾ ಇಪ್ಪತ್ತೆಂಟು ತೊಗರಿಬೇಳೆ ಇರುತ್ತವೆ. ಎಣಿಸಿಯೇ ಹೇಳುತ್ತಿದ್ದೇನೆ. ಅವು ಸಾರಿಗಲ್ಲ, ನೀರಿನ ಪರೀಕ್ಷೆಗೆ!

ಕೊಟ್ಟೂರಿನ ಹೊರಗೆ ನಮ್ಮ ಬಡಾವಣೆ ಬೆಳೆಯುತ್ತಲೇ ಇದೆ, ಮನೆಗೊಂದು ಬೋರ್‌ವೆಲ್. ಯಾರ ಬೋರಿನಲ್ಲಿ ನೀರು ಬಿದ್ದರೂ ಅತ್ತೆ ಪುಟ್ಟ ಪಾತ್ರೆ ಹಿಡಿದು ಹಾಜರು. ಬೇಳೆ ಬೇಗ ಬೆಂದರೆ ಸಿಹಿನೀರು, ಬೇಯದಿದ್ದರೆ ಗಡಸು. ಒಂದು ಗೃಹಪ್ರವೇಶದಲ್ಲಿ ಮನೆಯ ಯಜಮಾನರು ಕರೆದರು:

"ಅಮ್ಮಾರೇ, ಊಟಕ್ಕ ಏಳ್ರಿ."

"ತಡೀರಿ, ಬ್ಯಾಳಿ ಇನ್ನಾ ಕಲ್ಲಿದ್ದಂಗ ಐತಿ."

"ಕುಕ್ಕರ್‌ನಾಗ ಇಡ್ಲೇನ್ರಿ?"

"ಕುಕ್ಕರ್‌ನಾಗ ನಿಮ್ಮ ಚಪ್ಪಲಿನೂ ಬೇಯ್ತೈತಿ!"

ಹರಪನಹಳ್ಳಿ ಕಡೆಯ ಸಂಬಂಧವೊಂದನ್ನಂತೂ ಗಂಡಿನವರ ಹಿತ್ತಲಲ್ಲೇ ಬೇಳೆ ಬೇಯಿಸಿ ಮುರಿದು ಬಂದರು: "ಹುಡುಗ ಮೆತ್ತಗದಾನ, ನೀರು ಗಡಸೈತಿ. ಬ್ಯಾಡ!" ಹುಡುಗಿ ಯಾರೆಂಬುದು ಇಲ್ಲಿ ಅಪ್ರಸ್ತುತ.

ಇಡೀ ಓಣಿಯಲ್ಲಿ ಬೇಳೆ ಬೆಣ್ಣೆಯಾಗುವುದು ಅತ್ತೆಯ ಬೋರಿನ ನೀರಿನಲ್ಲಿ ಮಾತ್ರ. ಆ ಹೆಮ್ಮೆಗೆ ಬೀದಿಗೆ ಮುಖ ಮಾಡಿ ಒಂದು ನಲ್ಲಿ ಹಾಕಿಸಿ, ವರ್ಷಗಳಿಂದ ಎಲ್ಲರಿಗೂ ಕುಡಿಯಲು ಬಿಟ್ಟಿದ್ದರು.

ರಸಾಯನಶಾಸ್ತ್ರ ಓದಿದ ನಾನು ಕಳೆದ ತಿಂಗಳು ನೀರು ಪರೀಕ್ಷಿಸುವ ಕಿಟ್ ತಂದೆ. ಬೇರೆಯವರ ಬಾಗಿಲು ತಟ್ಟುವುದು ನನಗಾಗದ ಕೆಲಸ, ಮನೆಮನೆಯ ನೀರನ್ನು ಅತ್ತೆಯೇ ತಂದುಕೊಟ್ಟು ನಕ್ಕರು: "ನಿನ್ನ ಎಮ್ಮೆಸ್ಸಿ ಬೇಯಾಕ ಎಷ್ಟೊತ್ತು ಬೇಕವ್ವಾ?"

ಐದೇ ನಿಮಿಷ! ಉಳಿದವರ ನೀರಿನಲ್ಲಿ ಗುಲಾಬಿಯಾಗಿಯೇ ಉಳಿದ ದ್ರಾವಣ ಅತ್ತೆಯ ನೀರಿನಲ್ಲಿ ಹಳದಿಯಾಯಿತು. ಅಂದರೆ ಫ್ಲೋರೈಡ್ ಮಿತಿಮೀರಿದೆ. ಮತ್ತೆ ಮಾಡಿದೆ, ಮತ್ತೆ ಹಳದಿ. ಬಾಟಲಿ ಕಳಿಸಿದ್ದ ಪ್ರಯೋಗಾಲಯವೂ ಅದನ್ನೇ ಹೇಳಿತು. ಬೇಳೆ ಬೇಗ ಬೇಯುವ ಮೆದು ನೀರಿನಲ್ಲೇ ಅದು ಹೆಚ್ಚಿರುವುದುಂಟು. ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತದೆ, ಆಮೇಲೆ ಮೂಳೆಗಿಳಿಯುತ್ತದೆ.

ಜಗಳಕ್ಕೆ ಸಿದ್ಧಳಾಗಿಯೇ ವರದಿ ಓದಿ ಹೇಳಿದೆ. ಅತ್ತೆ ಸೆರಗಿನ ಗಂಟನ್ನು ತಿರುವುತ್ತ ಕೂತರು.

"ಪಕ್ಕದ ಮನಿ ಹುಡುಗಿಗೆ, ನೀ ಹಲ್ಲು ಸರಿಯಾಗಿ ತಿಕ್ಕಂಗಿಲ್ಲ ಅಂತ ದಿನಾ ಬೈತಿದ್ದೆ. ಈಗ ನಗಬೇಕಾದ್ರ ಬಾಯಿಗೆ ಕೈ ಅಡ್ಡ ಹಿಡೀತೈತಿ ಆ ಕೂಸು. ನೀರು ಕೊಟ್ಟಾಕಿ ನಾನು."

ಎದ್ದು ಹೋಗಿ ಬೀದಿಯ ನಲ್ಲಿ ಬಂದ್ ಮಾಡಿ ಬಂದರು. "ಅವರವ್ವಗ ಹೆಂಗ ಹೇಳ್ಲಿ?" ಯಾರ ಮನೆಯಲ್ಲೂ ಮಾತಿಗೆ ತಡಕಾಡದ ಅತ್ತೆ ನನ್ನನ್ನು ಕೇಳಿದರು.

ಮರುದಿನ ಬೆಳಿಗ್ಗೆ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತುಂಬಿಸಿ ತಂದೆ. ಅತ್ತೆ ನನ್ನ ಬೆನ್ನ ಹಿಂದೆ ನಿಂತರು. ಪಕ್ಕದ ಮನೆಯ ಬಾಗಿಲನ್ನು ನಾನೇ ತಟ್ಟಿದೆ.