ಮಂಡಕ್ಕಿ ಇಲ್ಲದ ಖಾರ

ಸಕ್ಕರೆ ಕಾಯಿಲೆ ಬಂದವರಿಗೆ ಸಿಹಿ ಬಿಡುವುದು ಅಷ್ಟು ಕಷ್ಟವಲ್ಲ. ಅದು ಶತ್ರು ಎಂದು ಎಲ್ಲರಿಗೂ ಗೊತ್ತು, ಬೇಡ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಕಷ್ಟವಿರುವುದು ಖಾರದಲ್ಲಿ. ನಮ್ಮ ಕಡೆ ಖಾರ ಎಂದರೆ ಮಂಡಕ್ಕಿ. ಹೆಣ್ಣು ನೋಡಲು ಬಂದರೂ ಮಂಡಕ್ಕಿ, ಸೈಟು ರಿಜಿಸ್ಟರ್ ಆದರೂ ಮಂಡಕ್ಕಿ. ಅದೂ ಅಕ್ಕಿಯೇ, ದೂರವಿಡಿ ಎಂದು ಡಾಕ್ಟರು ನನಗೆ ಹೇಳಿದ ದಿನ ಹತ್ತಿರದ ನೆಂಟರ ಮೇಲೆ ಚಾಡಿ ಕೇಳಿದಷ್ಟು ಬೇಜಾರಾಯಿತು.

ಹೊಸದುರ್ಗದ ನಮ್ಮ ಕಚೇರಿಯ ರಹಮತ್ ಸಾಬರಿಗೂ ಇದೇ ಕಾಯಿಲೆ. ಯಾರು ನಿವೃತ್ತರಾದರೂ ಬೀಳ್ಕೊಡುಗೆಯ ತಿಂಡಿ ಹೊಂದಿಸುವವರು ಅವರೇ. ಎಲ್ಲರ ತಟ್ಟೆ ತುಂಬಿಸಿ, ತಾವು ಸಕ್ಕರೆಯಿಲ್ಲದ ಟೀ ಹಿಡಿದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಈಗ ಅವರದೇ ಸರದಿ ಬಂತು. ಕೊರಳಿಗೆ ಹಾರ ಹಾಕಿಸಿಕೊಂಡು ಖಾಲಿ ತಟ್ಟೆಯ ಮುಂದೆ ಅವರು ಕೂರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. "ಈ ಸಲ ಖಾರ ನಂದು" ಎಂದುಬಿಟ್ಟೆ. ಒಗ್ಗರಣೆ ಸೌಟು ಹಿಡಿದು ನನಗೆ ಅಭ್ಯಾಸವಿಲ್ಲ ಎಂಬುದು ಆಮೇಲೆ ನೆನಪಾಯಿತು.

ಕೆಲಸವೇನೋ ಸುಲಭದ್ದೇ. ಧರ್ಮಪುರದ ಕಡೆಯ ಶೇಂಗಾ ಹುರಿದು, ಹುರಿಗಡಲೆ, ಕುಂಬಳದ ಬೀಜ, ಚೂರು ಒಣಕೊಬ್ಬರಿ ಸೇರಿಸಿ, ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಖಾರದಪುಡಿಯ ಒಗ್ಗರಣೆ ಕೊಟ್ಟು ಉಪ್ಪು ಹಾಕಿದರೆ ಮುಗಿಯಿತು. "ಉರಿ ಸಣ್ಣಕ್ಕೆ ಮಾಡ್ರಿ, ಶೇಂಗಾ ಸೀದೋಗ್ತವೆ" ಎನ್ನುತ್ತ ಹೆಂಡತಿ ಅಡುಗೆಮನೆ ಬಾಗಿಲಲ್ಲೇ ಕಾವಲು ನಿಂತಳು. ಕೊನೆಗೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಪರವಾಗಿಲ್ಲ, ತಿನ್ನಂಗೈತೆ" ಅಂದಳು. ನಮ್ಮ ಸಂಸಾರದಲ್ಲಿ ಇದು ದೊಡ್ಡ ಪ್ರಶಸ್ತಿಯೇ.

ಮರುದಿನ ಡಬ್ಬಿಯನ್ನು ಪಕ್ಕದ ಟೇಬಲ್ಲಿನ ತಿಪ್ಪೇಸ್ವಾಮಿಗೆ ಒಪ್ಪಿಸಿ ನಾನು ಹಾರ ತರಲು ಹೋದೆ. ಬರುವಷ್ಟರಲ್ಲಿ ಬೇರೆ ಕಚೇರಿಯವರೂ ಬಂದು ಕೂತಿದ್ದರು. ಹಾಸಿದ ಪೇಪರಿನ ಮೇಲೆ ಮಂಡಕ್ಕಿಯ ರಾಶಿ. ನಡುನಡುವೆ ಅಲ್ಲೊಂದು ಇಲ್ಲೊಂದು ನನ್ನ ಶೇಂಗಾ ಮುಖ ತೋರಿಸುತ್ತಿತ್ತು.

"ಜನ ಜಾಸ್ತಿ ಆದ್ರು ಸಾರ್, ಒಂದು ಚೀಲ ಮಂಡಕ್ಕಿ ಸುರುವಿ ಕಲಸಿದೆ" ಎಂದ ತಿಪ್ಪೇಸ್ವಾಮಿ, ಹೆಮ್ಮೆಯಿಂದ. "ಮಂಡಕ್ಕಿ ಇಲ್ದೆ ಅದೆಂಥ ಖಾರ? ನೀವು ಮರ್ತಿದ್ರೇನೋ ಅನ್ಕಂಡೆ."

ಸಿಟ್ಟು ನೆತ್ತಿಗೇರಿತು. ಆದರೆ ಅವನ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸಾಬರ ಪಕ್ಕದಲ್ಲಿ ಕೂತು ಅವರ ತಟ್ಟೆಯಿಂದ ಮಂಡಕ್ಕಿ ಆರಿಸಿ ತೆಗೆಯತೊಡಗಿದೆ. ಅತ್ತ ಯಾರೋ ಅವರ ಸೇವೆಯ ಬಗ್ಗೆ ಭಾಷಣ ಮಾಡುತ್ತಿದ್ದರು. ಸಾಬರು ಒಂದೊಂದೇ ಶೇಂಗಾ ಅಗಿಯುತ್ತ, "ಚೆನ್ನಾಗೈತ್ರಿ. ಕಾಯಿಲೆ ಬಂದ ಮ್ಯಾಲೆ ಈ ರೂಮಲ್ಲಿ ಎಲ್ಲರ ಜತೆ ಕುಂತು ತಿಂದಿದ್ದು ಇವತ್ತೇ" ಎಂದರು. ನಾನು ಇನ್ನಷ್ಟು ಶ್ರದ್ಧೆಯಿಂದ ಆರಿಸಿದೆ.

ಭಾಷಣ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ಒಂದೇ ಒಂದು ಮಂಡಕ್ಕಿಯೂ ಉಳಿದಿರಲಿಲ್ಲ. ಸಾಬರು ಟೇಬಲ್ಲಿನ ಮೇಲೆ ನೋಡಿದರು, ಕೆಳಗೆ ನೋಡಿದರು, ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಅಲ್ರೀ, ಆರಿಸಿದ ಮಂಡಕ್ಕಿ ಎಲ್ಲಿ?"

ಉತ್ತರ ಕೊಡೋಣವೆಂದರೆ ನನ್ನ ಬಾಯಿ ತುಂಬಿತ್ತು.