ತೂತಿನ ಸಂಶೋಧನೆ

ತೂತು ಮಾಡುವುದು ಲೋಕದಲ್ಲೇ ಸುಲಭದ ಕೆಲಸವೆಂದು ನಂಬಿ ನಾನು ಪಿಎಚ್.ಡಿ.ಗೆ ಸೇರಿದೆ. ಎಷ್ಟು ವರ್ಷವಾಯಿತೆಂದು ಕೇಳಬೇಡಿ. ಮಧುಗಿರಿಯಲ್ಲಿ ಈಗ ಯಾರೂ ಕೇಳುವುದಿಲ್ಲ.

ಭತ್ತದ ಹೊಟ್ಟಿನಲ್ಲಿ ಇಂಗಾಲವೂ ಇದೆ, ಸಿಲಿಕಾವೂ ಇದೆ. ಗಾಳಿಯಾಡದಂತೆ ಸುಟ್ಟರೆ ಒಳ್ಳೆಯ ಇದ್ದಿಲು ಸಿಗುತ್ತದೆ. ಜೇಡಿಮಣ್ಣಿಗೆ ಬೆರೆಸಿ ಸುಟ್ಟರೆ ಹೊಟ್ಟು ಉರಿದುಹೋಗಿ, ಅದಿದ್ದ ಜಾಗವೆಲ್ಲ ಸಣ್ಣ ಸಣ್ಣ ತೂತಾಗುತ್ತದೆ. ಅಂಥ ಮಡಕೆಗೆ ಕೆಸರು ನೀರು ಸುರಿದರೆ ತಿಳಿನೀರಾಗಿ ಇಳಿಯುತ್ತದೆ. ಕಾಗದದ ಮೇಲೆ ಇಷ್ಟೇ.

ಮೊದಲು ಇದ್ದಿಲಿಗೆ ಕೈಹಾಕಿದೆ. ಹೆಂಡತಿ ಸರೋಜಳ ಚಕ್ಕುಲಿ ಡಬ್ಬಿಗೆ ಹೊಟ್ಟು ತುಂಬಿ, ಮುಚ್ಚಳ ಬಿಗಿದು, ಬಚ್ಚಲ ಒಲೆಯೊಳಗೆ ಇಟ್ಟೆ. ಢಮಾರ್! ಮುಚ್ಚಳ ಹೆಂಚು ಒಡೆದುಕೊಂಡು ಹೋಯಿತು. ಹೊಗೆ ಕಂಡು ಪಕ್ಕದ ಮನೆಯ ರಂಗಪ್ಪ ಬಕೆಟ್ ಹಿಡಿದು ಓಡಿಬಂದು ನನ್ನ ಮೇಲೇ ನೀರು ಸುರಿದ.

"ಮನೇಗೇ ಬೆಂಕಿ ಮಡಗ್ಬುಟ್ರಾ ಮೇಷ್ಟ್ರೇ?"

"ಇಲ್ಲಪ್ಪ, ಸಂಶೋಧನೆ."

"ಅಂಗಂದ್ರೆ?"

"ಅಂಗಂದ್ರೆ ನನ್ನ ಡಬ್ಬಿ ಹಾಳಾಯ್ತು ಅಂತ" ಎಂದಳು ಸರೋಜ.

ಇದ್ದಿಲಿಗೆ ಕೈಮುಗಿದು ಮಡಕೆಗೆ ಬಂದೆ. ಹೊಟ್ಟು ಹೆಚ್ಚಿದಷ್ಟೂ ತೂತು ಹೆಚ್ಚೆಂದು ಮಣ್ಣಿಗಿಂತ ಹೊಟ್ಟನ್ನೇ ಜಾಸ್ತಿ ಸುರಿದೆ. ಕುಂಬಾರರ ಆವಿಗೆಯಲ್ಲಿ ಸುಟ್ಟು ತೆಗೆದರೆ ಮಡಕೆಗಳು ಕೈಯಲ್ಲೇ ಪುಡಿಯಾದವು. ಅತಿ ಆಸೆ ಗತಿ ಕೇಡು! ಹೊಟ್ಟು ಇಳಿಸುತ್ತಾ, ಸುಡುತ್ತಾ, ಒಡೆಯುತ್ತಾ ಸಾಕುಸಾಕಾದ ಮೇಲೆ ಒಂದೇ ಒಂದು ಮಡಕೆ ಉಳಿಯಿತು. ನೀರು ಸುರಿದೆ. ತೊಟ್ಟು ತೊಟ್ಟಾಗಿ ಸೋರಿತು! ಖುಷಿಗೆ ನನಗೆ ಅಳುವೇ ಬಂತು.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಬಂದು ನೋಡ್ತೀನಿ. ಸೋಸಿದ್ರೆ ಪ್ರಬಂಧ ಒಪ್ಪಿಸಿ, ಡಾಕ್ಟರ್ ಆಗಿ. ಇಲ್ಲದಿದ್ರೆ ನನ್ನನ್ನ ಬಿಟ್ಟುಬಿಡಿ" ಎಂದರು. ಅವರಿಗೂ ದಣಿವಾಗಿತ್ತು.

ಅವರು ಬರುವ ದಿನ ಪಾವಗಡದಿಂದ ನಮ್ಮ ಅತ್ತೆಯೂ ಬಂದಿದ್ದರು. ಅವರನ್ನು ಮನೆಯಲ್ಲಿ ಬಿಟ್ಟು ಸರೋಜ ತರಕಾರಿಗೆ ಹೋದಳು, ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ತಡವಾಯಿತು. ಗುರುಗಳನ್ನು ಕರೆತಂದು ನೋಡಿದರೆ ಮಡಕೆ ಯಾಕೋ ಮಿರಮಿರ ಮಿಂಚುತ್ತಿತ್ತು. ಅತ್ತೆ ಒರೆಸಿಟ್ಟಿರಬೇಕು ಎಂದುಕೊಂಡು, ಪೂಜೆಗೆ ಕೂತವನ ಗಾಂಭೀರ್ಯದಿಂದ ಕೆಸರು ನೀರು ಸುರಿದೆ.

ಕಾದೆವು. ಕಾಫಿ ಕುಡಿದೆವು. ಮತ್ತೆ ಕಾದೆವು.

"ಸೋರ್ತಾ ಇಲ್ವಲ್ರೀ?" ಎಂದರು ಗುರುಗಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಅರಳಿತು. "ಒಂದ್ ತೊಟ್ಟೂ ಸೋರಕಿಲ್ಲ ಸ್ವಾಮಿ! ಪಾಪಂ, ಅಳಿಯಂದ್ರು ಕಷ್ಟಬಿದ್ದು ಮಾಡವ್ರೆ, ಹೊಸ ಮಡಕೆ ಸೋರ್ತಿತ್ತು. ಕಡ್ಲೆಕಾಯಿ ಎಣ್ಣೆ ಸವರಿ, ರಾಗಿ ಗಂಜಿ ಕಾಸಿ, ಪಳಗ್ಸಿವ್ನಿ. ಒಂದು ತೂತೂ ಬುಟ್ಟಿಲ್ಲ!"

ನನ್ನ ಇಷ್ಟು ವರ್ಷದ ತೂತುಗಳನ್ನು ಅವರು ಒಂದು ಬೆಳಗಿನಲ್ಲಿ ಮುಚ್ಚಿದ್ದರು. ಬೈಯುವ ಹಾಗೂ ಇಲ್ಲ. ಪ್ರೀತಿಯಿಂದ ಮಾಡಿದ್ದರಲ್ಲ!

"ಮತ್ತೆ ಸುಟ್ರೆ ಎಣ್ಣೆ ಉರಿದುಹೋಗುತ್ತೆ ಸಾರ್" ಎಂದೆ. ಗಡಿಬಿಡಿಯಲ್ಲಿ ಮಡಕೆ ಎತ್ತಿದೆ. ಎಣ್ಣೆ ಜಿಡ್ಡು. ಜಾರಿತು. ಒಡೆಯಿತು.

ಗುರುಗಳು ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು, "ವಾಪಸ್ ಬಸ್ ಎಷ್ಟೊತ್ತಿಗೆ?" ಎಂದರು.

ಅತ್ತೆ ಮಾತ್ರ ಊರಿಗೆ ಹೋಗಿ ಅಳಿಯ ಮಾಡಿದ ಮಡಕೆಯನ್ನು ಬೀದಿಯಲ್ಲೆಲ್ಲ ಹೊಗಳಿದ್ದಾರೆ. ಎಲ್ಲರಿಗೂ ಒಂದೊಂದು ಸಾರಿನ ಮಡಕೆ ಬೇಕಂತೆ. ಇಲ್ಲವೆನ್ನಲಾಗದೆ, ಹೊಟ್ಟು ಬೆರೆಸದೆ, ಬರೀ ಮಣ್ಣಿನಲ್ಲೇ ಮಾಡಿದೆ.

ಎಲ್ಲವೂ ಸೋರುತ್ತಿವೆ!